ಆಷಾಢ ಕಳೀಲಿ, ನೋಡೋಣ

ನಮ್ಮ ತಂದೆಯವರ ತಿಥಿ. ಎಳ್ಳುನೀರು ಬಿಡಲು ಹೆಬ್ಬೆರಳು ಬಗ್ಗಿಸಿಕೊಂಡು ಕೂತಿದ್ದೇನೆ. ಕಿಟಕಿ ಕಟ್ಟೆಯ ಮೇಲಿಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು. ಎರಡು ಸಲ ನಿಂತು ಮೂರನೆಯ ಸಲ ಶುರುವಾದಾಗ, ಊರಲ್ಲಿ ಯಾರಿಗೇನಾಯಿತೋ ಎಂದು ಗಾಬರಿಯಾದ ನನ್ನ ಹೆಂಡತಿ ಮಡಿಯನ್ನು ಒಂದು ಬೆರಳಿನ ಮಟ್ಟಿಗೆ ಸಡಿಲಿಸಿ ಸ್ಪೀಕರ್ ಒತ್ತಿದಳು.

"ಸಾರ್ ನಮಸ್ಕಾರ, ಷೋರೂಂನಿಂದ. ಬೈಕಿಗೆ ಎರಡು ಸೈಡಿಗೂ ಪೆಟ್ಟಿಗೆ ಹಾಕಿಸ್ತೀರಾ, ಇಲ್ಲಾ ಹಿಂದಕ್ಕೆ ಟಾಪ್ ಬಾಕ್ಸ್ ಸಾಕಾ? ಸಾವಿರ ಸಿಸಿದು ಸಾರ್, ನೀವು ಮೊನ್ನೆ ಓಡಿಸಿದ್ರಲ್ಲಾ..."

ಮಂತ್ರ ನಿಂತಿತು. ನನ್ನ ಮನೆಯಲ್ಲಿ ಇರುವುದು ಒಂದು 110 ಸಿಸಿ ಸ್ಕೂಟರು. ಅದರ ಸೀಟಿನಡಿ ಸೊಪ್ಪು ತಂದು ತಂದು ಅಲ್ಲಿ ಕೊತ್ತಂಬರಿ ವಾಸನೆ ಕಾಯಮ್ಮಾಗಿ ನೆಲೆಸಿದೆ. ಪುರೋಹಿತರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ದರ್ಭೆ ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ಎಷ್ಟು ಕೊಡುತ್ತಂತೆ?"

ಆ ಬೈಕನ್ನು ಓಡಿಸಿದವನು ನಾನಲ್ಲ, ನಮ್ಮ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ, ನಾನು ಭಾವ ಎಂದು ಕರೆಯುವವರು. ಅವರು ದ್ವಿಚಕ್ರ ವಾಹನಗಳ ಟೆಸ್ಟ್ ರೈಡ್ ಮಾಡುತ್ತಾರೆ. ಕೊಳ್ಳುವುದಿಲ್ಲ. ಈ ಎರಡು ವಾಕ್ಯದಲ್ಲಿ ಅವರ ಮೂವತ್ತು ವರ್ಷದ ಚರಿತ್ರೆ ಮುಗಿಯಿತು.

ಈ ಜಾತಿಯವರು ಊರಿಗೆ ನಾಲ್ವರಾದರೂ ಇರುತ್ತಾರೆ. ಸೈಟು ನೋಡುವವರಿದ್ದಾರೆ, ಭಾನುವಾರ ಬಿಲ್ಡರ್ ಕಳಿಸಿದ ಕಾರಿನಲ್ಲಿ ಹೋಗಿ ಮಾದರಿ ಮನೆಯ ಅಡುಗೆಮನೆ ನಲ್ಲಿ ತಿರುಗಿಸಿ, ಅವರು ಕೊಟ್ಟ ಊಟ ಉಂಡು ಬರುವವರು. ಸೀರೆ ಅಂಗಡಿಯಲ್ಲಿ ನೂರು ಸೀರೆ ಬಿಚ್ಚಿಸಿ "ಇನ್ನೂ ಹೊಸ ಸ್ಟಾಕ್ ಬಂದಿಲ್ವಾ" ಎನ್ನುವವರ ಬಗ್ಗೆ ನಾನು ಹೆಸರು ಹೇಳದೆ ಮುಂದೆ ಹೋಗುತ್ತೇನೆ, ಮನೆಯಲ್ಲಿ ಊಟ ಬೇಕು. ಆದರೆ ಬೈಕಿನವರದು ಬೇರೆ ತೂಕ. ಅವರಿಗೆ ಪುಕ್ಕಟೆ ಊಟದ ಆಸೆಯಿಲ್ಲ. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಯ ಹಾಗೆ ಓದಿಕೊಂಡು ಹೋಗುತ್ತಾರೆ.

ಭಾವನ ಜೀವನದ ಇಸವಿಗಳೆಲ್ಲ ಬೈಕಿನ ಲೆಕ್ಕದಲ್ಲೇ ಇವೆ. ಮದುವೆಯಾದದ್ದು ಹೀರೋ ಹೋಂಡಾ ಸಿಬಿಝಡ್ ಬಂದ ವರ್ಷ, ಅಂದರೆ 1999. ಮಗಳು ಹುಟ್ಟಿದ್ದು ಪಲ್ಸರ್ ಬಂದಾಗ, 2001. ಕರಿಜ್ಮಾ ಬಂದ 2003ರಲ್ಲಿ ಅವರಿಗೆ ಬ್ಯಾಂಕಿನಲ್ಲಿ ಪ್ರಮೋಷನ್ನು. 2013ರಲ್ಲಿ ಡ್ಯೂಕ್ 390 ಓಡಿಸಿ ಬಂದು ಎರಡು ದಿನ ಮಾತಾಡಲಿಲ್ಲ. ಅತ್ತಿಗೆ ಶುಗರ್ ಟೆಸ್ಟ್ ಮಾಡಿಸಿದರು. ಇಷ್ಟೆಲ್ಲ ಓಡಿಸಿದ ಮನುಷ್ಯ ಬ್ಯಾಂಕಿಗೆ ಹೋಗಿಬರುವುದು ಹಳೆಯ ಆ್ಯಕ್ಟಿವಾದಲ್ಲಿ. ಆದರೆ ಹೆಲ್ಮೆಟ್ಟು ಮಾತ್ರ ಹದಿನೆಂಟು ಸಾವಿರದ್ದು. ಮೊಣಕೈಗೆ, ಭುಜಕ್ಕೆ, ಬೆನ್ನಿಗೆ ಗಟ್ಟಿ ಪಟ್ಟಿ ಹೊಲಿದ ಜಾಕೆಟ್ಟು, ಹಿಮ್ಮಡಿ ಮುಚ್ಚುವ ಬೂಟು, ಗ್ಲೌಸು, ಎಲ್ಲ ಇದೆ. ಇಷ್ಟನ್ನೂ ತೊಟ್ಟುಕೊಂಡು ಅವರು ಆ್ಯಕ್ಟಿವಾದಲ್ಲಿ ದೋಸೆಹಿಟ್ಟು ತರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ನಿಷೇಧಿಸಿದಾಗ, ತಮ್ಮ ಪಿತ್ರಾರ್ಜಿತ ಆಸ್ತಿ ಕಿತ್ತುಕೊಂಡಷ್ಟು ಕುದಿದರು. ಅವರು ಮೈಸೂರಿಗೆ ಹೋಗುವುದು ಚಾಮುಂಡಿ ಎಕ್ಸ್‌ಪ್ರೆಸ್ ರೈಲಿನಲ್ಲಿ.

ರಾತ್ರಿ ಊಟಕ್ಕೆ ಕೂತಾಗ ದೂರದ ರಿಂಗ್ ರೋಡಿನಲ್ಲಿ ಏನೋ ಕಿರುಚಿಕೊಂಡು ಹೋದರೆ ತುತ್ತು ಎತ್ತಿದ ಕೈ ಹಾಗೇ ನಿಲ್ಲುತ್ತದೆ. "ಇನ್‌ಲೈನ್ ಫೋರ್" ಎನ್ನುತ್ತಾರೆ. ನಾಲ್ಕು ಸಿಲಿಂಡರು ಸಾಲಾಗಿ ಕೂತ ಎಂಜಿನ್ನು ಎಂದರ್ಥ. ನನಗೆ ಗೊತ್ತಾಗುವುದು ಮಿಕ್ಸಿ ಮತ್ತು ಗ್ರೈಂಡರಿನ ವ್ಯತ್ಯಾಸ ಅಷ್ಟೇ.

ಈಗ ನನ್ನ ಫೋನಿನ ವಿಷಯ. ಟೆಸ್ಟ್ ರೈಡ್‌ಗೆ ಮೊದಲು ಷೋರೂಂನವರು ಒಂದು ಫಾರಂ ತುಂಬಿಸುತ್ತಾರೆ. ಹೆಸರು, ವಿಳಾಸ, ಡಿಎಲ್ ನಂಬರು, ಬೀಳಿಸಿದರೆ ಖರ್ಚು ನನ್ನದೇ ಎಂಬ ಒಪ್ಪಿಗೆ, ಕೆಳಗೆ ಸಹಿ. ಇದೆಲ್ಲದರ ನಡುವೆ ಮೊಬೈಲ್ ನಂಬರಿನ ಹತ್ತು ಚೌಕ. ಆ ಚೌಕಗಳಲ್ಲಿ ಭಾವ ವರ್ಷಗಳಿಂದ ನನ್ನ ನಂಬರು ಬರೆಯುತ್ತಿದ್ದಾರೆ. ಮೊದಲ ಸಲ ಕೇಳಿದಾಗ ಹೇಳಿದರು: "ನನ್ನ ನಂಬರು ಬ್ಯಾಂಕ್ ಅಕೌಂಟಿಗೆ ಲಿಂಕ್ ಆಗಿದೆ ಕಣ್ರೀ, ಒಟಿಪಿ ಬರುತ್ತೆ. ಸಿಕ್ಕಸಿಕ್ಕವರಿಗೆ ಕೊಡಬಾರದು." ನನ್ನ ನಂಬರೂ ಯಾವುದೋ ಬ್ಯಾಂಕಿಗೆ ಲಿಂಕ್ ಆಗಿರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಅಕೌಂಟಿನ ಸ್ಥಿತಿ ಬಲ್ಲವರಾದ್ದರಿಂದ ಹೊಳೆದೂ ಸುಮ್ಮನಿದ್ದರೇನೋ. ನಿಜವಾದ ಕಾರಣ ಆಮೇಲೆ ತಿಳಿಯಿತು: ಭಾವನ ಫೋನು ಎತ್ತುವವರು ಅತ್ತಿಗೆ.

ಹೀಗಾಗಿ ಮೀಟಿಂಗಿನಲ್ಲಿ, ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗ, ಮಗನ ಪಿಟಿಎಂನಲ್ಲಿ, ಎಲ್ಲೆಂದರಲ್ಲಿ ನನಗೆ ಕರೆ. "ಏನು ಡಿಸೈಡ್ ಮಾಡಿದ್ರಿ ಸಾರ್?" ಮೊದಮೊದಲು ರೇಗುತ್ತಿದ್ದೆ. ರೇಗಿದರೆ ಆ ಹುಡುಗರು ಇನ್ನೂ ವಿನಯವಂತರಾಗುತ್ತಾರೆ. "ಮ್ಯಾನೇಜರ್ ಹತ್ರ ಮಾತಾಡಿಸ್ಲಾ ಸಾರ್, ಡಿಸ್ಕೌಂಟ್ ಏನಾದ್ರೂ..." ಭಾವನಿಗೆ ದೂರು ಕೊಟ್ಟರೆ ಅವರು ಒಂದು ಉತ್ತರ ಕಲಿಸಿಕೊಟ್ಟರು. "ಆಷಾಢ ಅಂತ ಹೇಳಿ. ಬಿಡ್ತಾರೆ."

ಆಷಾಢವಲ್ಲದಾಗ?

ಅಲ್ಲೇ ನನಗೆ ಅವರ ಪಾಂಡಿತ್ಯ ಅರ್ಥವಾದದ್ದು. ಆಷಾಢದಲ್ಲಿ ಗಾಡಿ ಯಾರೂ ತೆಗೆದುಕೊಳ್ಳುವುದಿಲ್ಲ. ಶ್ರಾವಣದಲ್ಲಿ ಹಬ್ಬದ ಖರ್ಚು. ಭಾದ್ರಪದದಲ್ಲಿ ಗಣೇಶ ಹೋದ ಕೂಡಲೇ ಪಿತೃಪಕ್ಷ. ದಸರಾ, ದೀಪಾವಳಿಗೆ "ರಷ್ಷಿನಲ್ಲಿ ಸರ್ವಿಸ್ ಸರಿ ಮಾಡಲ್ಲ". ಡಿಸೆಂಬರಿನಲ್ಲಿ ಕೊಂಡರೆ ಹದಿನೈದೇ ದಿನಕ್ಕೆ ಗಾಡಿ ಹಿಂದಿನ ವರ್ಷದ ಮಾಡೆಲ್ ಆಗುತ್ತದೆ, ಜೊತೆಗೆ ಧನುರ್ಮಾಸ. ಸಂಕ್ರಾಂತಿಯ ನಂತರ ಬಜೆಟ್ ನೋಡಬೇಕು. ಮಾರ್ಚ್ ಬ್ಯಾಂಕಿನವರಿಗೆ ಮಾರ್ಚ್. ಯುಗಾದಿಗೆ ಮಕ್ಕಳ ಫೀಸು. ಆಮೇಲೆ ಮಳೆ, ಮಳೆಯ ಬೆನ್ನಿಗೆ ಮತ್ತೆ ಆಷಾಢ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಭಾವನ ಮುಖದಲ್ಲಿ ಬೋನಸ್ ಸಿಕ್ಕವರ ಕಳೆಯಿತ್ತು. ನಮ್ಮ ಪಂಚಾಂಗವನ್ನು ಇಷ್ಟು ಸಮಗ್ರವಾಗಿ ಬಳಸಿಕೊಂಡ ಆಸ್ತಿಕ ಇನ್ನೊಬ್ಬನಿಲ್ಲ.

ತಿಥಿಯ ಪ್ರಕರಣದ ಮಾರನೇ ಶನಿವಾರ ನಾನು ಒಂದು ತೀರ್ಮಾನಕ್ಕೆ ಬಂದು ಅವರ ಮನೆಗೆ ಹೋದೆ. ಎರಡು ಮಾತು ಖಾರವಾಗಿ ಆಡಿ ಬರುವುದೆಂದು. ಅವರು ಆಗಲೇ ಜಾಕೆಟ್ಟು ಹಾಕಿಕೊಂಡಿದ್ದರು. "ಸಮಯಕ್ಕೆ ಬಂದ್ರಿ. ಮೊನ್ನೇದು ಟ್ರಾಫಿಕ್ಕಲ್ಲಿ ಆಯ್ತು, ಏನೂ ಗೊತ್ತಾಗ್ಲಿಲ್ಲ. ಇವತ್ತು ಇನ್ನೊಂದು ಸಲ ಒಪ್ಪಿಸಿದ್ದೀನಿ. ನಡೀರಿ." ನಾನು ಆಡಬೇಕೆಂದಿದ್ದ ಖಾರದ ಮಾತು ಆ್ಯಕ್ಟಿವಾದ ಹಿಂದಿನ ಸೀಟಿನಲ್ಲಿ ಗಾಳಿಗೆ ಹೋಯಿತು.

ಗಾಡಿ ಕಾವಾಸಾಕಿ ನಿಂಜಾ 1000 ಎಸ್‌ಎಕ್ಸ್. 1043 ಸಿಸಿ, ನಾಲ್ಕು ಸಿಲಿಂಡರು, 142 ಕುದುರೆ, 19 ಲೀಟರ್ ಟ್ಯಾಂಕು. 2020ರಲ್ಲಿ ಇದು ಇಲ್ಲಿಗೆ ಬಂದಾಗ ಷೋರೂಂ ಬೆಲೆಯೇ 10.79 ಲಕ್ಷ ಇತ್ತು. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ಇನ್ಷೂರೆನ್ಸು ಬೇರೆ. ಇಂಥದ್ದನ್ನು ಸ್ಪೋರ್ಟ್ ಟೂರರ್ ಎನ್ನುತ್ತಾರಂತೆ. "ಹಾಗಂದ್ರೆ?" ಎಂದೆ. "ರೇಸ್ ಬೈಕಲ್ಲಿ ಸಾಷ್ಟಾಂಗ ನಮಸ್ಕಾರ ಹಾಕಿಕೊಂಡು ಕೂರಬೇಕು. ಇದರಲ್ಲಿ ನೆಟ್ಟಗೆ ಕೂರಬಹುದು. ಓಟ ಅದರದ್ದೇ, ಕೂರೋದು ಮಾತ್ರ ಸಂಸಾರಸ್ಥರ ಹಾಗೆ. ಲುಂಗಿ ಉಟ್ಟ ಓಟಗಾರ ಅಂದ್ಕೊಳ್ಳಿ."

ಷೋರೂಂನಲ್ಲಿ ಅವರು ಬೈಕನ್ನು ತಕ್ಷಣ ಮುಟ್ಟಲಿಲ್ಲ. ಪ್ರದಕ್ಷಿಣೆ ಬಂದರು. ಕುಕ್ಕುರುಗಾಲಿನಲ್ಲಿ ಕೂತು ಹಿಂದಿನ ಟೈರಿನ ಇಸವಿ ಓದಿದರು. ಜೇಬಿನಿಂದ ಅತ್ತಿಗೆಯ ಹೊಲಿಗೆ ಟೇಪು ತೆಗೆದು ನೆಲದಿಂದ ಸೀಟಿಗೆ ಅಳೆದು, ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: 835 ಮಿ.ಮೀ. ಕಂಪನಿ ಹೇಳಿದ್ದೂ ಅದೇ. "ಸರಿಯಾಗಿದೆ" ಎಂದು ಸೇಲ್ಸ್ ಹುಡುಗನ ಕಡೆ ತಲೆಯಾಡಿಸಿದರು, ಹುಡುಗನೇ ಅಳತೆಕೊಟ್ಟು ಮಾಡಿಸಿದವನೇನೋ ಎಂಬಂತೆ. ಅವನೂ ಹೆಮ್ಮೆಯಿಂದ ನಕ್ಕ.

ಆಮೇಲೆ ಹೊರಟರು. ಸದ್ದು ದೊಡ್ಡದೇನಲ್ಲ, ತುಂಬಿದ ಹಂಡೆ ಕುದಿಯುವ ಮುನ್ನ ಒಂದು ಗುಂಯ್‌ಗುಡುವಿಕೆ ಇರುತ್ತದಲ್ಲ, ಅದು. ಗೇಟು ದಾಟಿ, ತಿರುವಿನಲ್ಲಿ ಗಾಡಿಯ ಜೊತೆ ತಾವೂ ಮೆತ್ತಗೆ ವಾಲಿ, ಮರೆಯಾದರು. ಹದಿನೈದು ನಿಮಿಷಕ್ಕೆ ಮರಳಿ ಬಂದು ಹೆಲ್ಮೆಟ್ಟು ತೆಗೆದಾಗ, ಗರ್ಭಗುಡಿಯಿಂದ ಹೊರಬಂದವರ ಮುಖ. ಐವತ್ತನಾಲ್ಕು ವರ್ಷದ, ಬೊಜ್ಜಿರುವ, ಮಂಡಿನೋವಿಗೆ ಎಣ್ಣೆ ಹಚ್ಚುವ ಮನುಷ್ಯನ ಮುಖದಲ್ಲಿ ಅದು ಎಲ್ಲಿಂದ ಬರುತ್ತದೋ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

"ನೀವೂ ಒಂದು ರೌಂಡ್ ಹಾಕಿ" ಎಂದರು.

ಬೇಡವೆಂದೆ. ಸೇಲ್ಸ್ ಹುಡುಗ ಫಾರಂ ತಂದೇಬಿಟ್ಟ. ಡಿಎಲ್ ಕೊಟ್ಟೆ. ಮೊಬೈಲ್ ನಂಬರು ಹೇಳಿದೆ. ಕಂಪ್ಯೂಟರಿನಲ್ಲಿ ಒತ್ತಿದವನು ಪರದೆಯನ್ನೂ ನನ್ನನ್ನೂ ಎರಡು ಸಲ ನೋಡಿ ಎದ್ದು ನಿಂತ. "ಈ ನಂಬರು ನೀವೇನಾ ಸಾರ್!" ಒಳಗಿನ ಕ್ಯಾಬಿನ್ನಿಂದ ಇನ್ನಿಬ್ಬರು ಬಂದರು. ಆ ನಂಬರಿನ ಎದುರು ಹನ್ನೊಂದು ವಿಚಾರಣೆ ದಾಖಲಾಗಿತ್ತಂತೆ. ಕೆಲಸ ಬಿಟ್ಟು ಹೋಗುವ ಪ್ರತಿ ಹುಡುಗನೂ ಹೊಸಬನಿಗೆ ಈ ನಂಬರನ್ನು ವಹಿಸಿಕೊಟ್ಟು ಹೋಗುವುದು ಅಲ್ಲಿನ ಪದ್ಧತಿಯಂತೆ. ಭಾವ ಆ ಹೊತ್ತಿಗೆ ಗೋಡೆಯ ಮೇಲಿನ ಎಂಜಿನ್ ಆಯಿಲ್ ಪೋಸ್ಟರನ್ನು ಏಕಾಗ್ರತೆಯಿಂದ ಓದುತ್ತಿದ್ದರು.

ಈಗ ಹಿಂದೆ ಸರಿಯುವಂತಿರಲಿಲ್ಲ. ಹತ್ತಿದೆ. ಹತ್ತುವುದು ಎಂದರೆ ಹತ್ತುವುದೇ, ಸ್ಕೂಟರಿನ ಹಾಗೆ ಕೂರುವುದಲ್ಲ. 835 ಮಿಲಿಮೀಟರೆಂದರೆ ಹೆಚ್ಚುಕಡಿಮೆ 33 ಇಂಚು. ಭಾವ ಅದೇ ಟೇಪಿನಿಂದ ನನ್ನ ಕಾಲು ಅಳೆದು 29 ಎಂದು ಸಾರ್ವಜನಿಕವಾಗಿ ಘೋಷಿಸಿದರು. "ಕೂತ ಮೇಲೆ ಸಸ್ಪೆನ್ಷನ್ ಒಂದಿಂಚು ಇಳಿಯುತ್ತೆ, ಬೂಟು ಒಂದಿಂಚು ಏರಿಸುತ್ತೆ, ಮಿಕ್ಕ ಎರಡಿಂಚಿಗೆ ಹೆಬ್ಬೆರಳ ಮೇಲೆ ನಿಲ್ಲಿ." ಗಾಡಿಯ ತೂಕ 230 ಕೆಜಿಗೂ ಮೇಲೆ. ಐವತ್ತು ಕೆಜಿಯ ಅಕ್ಕಿ ಮೂಟೆ ನಾಲ್ಕೂವರೆಯನ್ನು ಎರಡು ಹೆಬ್ಬೆರಳ ಮೇಲೆ ಸಮತೂಗಿಸಿ ನಿಂತಂತೆ. ಸೈಡ್ ಸ್ಟ್ಯಾಂಡ್ ಒದ್ದಾಗ ನನ್ನ ಮನೆಯ ಸಾಲದ ಕಂತು ಕಣ್ಣ ಮುಂದೆ ಹಾದುಹೋಯಿತು.

"ಮೊದಲನೇ ಗೇರಲ್ಲೇ ನೂರು ದಾಟುತ್ತೆ, ಹುಷಾರು" ಎಂದು ಕಿವಿಯಲ್ಲಿ ಹೇಳಿದರು. ಧೈರ್ಯ ತುಂಬುವುದೆಂದರೆ ಇದು. "ತಿರುವಿನಲ್ಲಿ ನೆನಪಿದೆ ತಾನೆ? ಎಡಕ್ಕೆ ಹೋಗಬೇಕಾದ್ರೆ ಎಡಗೈ ಮುಂದಕ್ಕೆ ತಳ್ಳಬೇಕು." ಇದನ್ನು ಅವರು ಹಿಂದೊಮ್ಮೆ ಊಟದ ಮೇಜಿನ ಮೇಲೆ ಲಟ್ಟಣಿಗೆ ಹಿಡಿದು ಪಾಠ ಮಾಡಿದ್ದರು. ವೇಗದಲ್ಲಿರುವ ಬೈಕಿನ ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳಿ, ಗಾಡಿಯ ಮೈ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ಹೋಗುತ್ತದೆ. ನಾವೆಲ್ಲ ಸೈಕಲ್ಲಿನಲ್ಲಿ ಅರಿವಿಲ್ಲದೆ ಮಾಡುವುದೂ ಅದನ್ನೇ ಅಂತೆ. ಚಪಾತಿ ಒತ್ತುತ್ತಿದ್ದ ಅತ್ತಿಗೆ ಅವತ್ತು ಪಾಠ ಮುಗಿಯುವವರೆಗೆ ಬರಿಗೈಯಲ್ಲಿ ನಿಂತಿದ್ದರು.

ಕ್ಲಚ್ಚು ಬಿಟ್ಟೆ. ಹೊರಟಿತು.

ನಾನು ಬರೆಯಬೇಕೆಂದಿದ್ದದ್ದು ಭಾವನ ಬಗ್ಗೆ, ಆದರೆ ಇದನ್ನು ಹೇಳದಿರಲಾರೆ. ಚಕ್ರ ಎರಡು ಸುತ್ತು ಉರುಳಿದ್ದೇ ತಡ ಆ ನಾಲ್ಕೂವರೆ ಮೂಟೆಯ ತೂಕ ಎಲ್ಲಿಗೋ ಹೋಯಿತು. ಕೈಗೆ ಸಿಕ್ಕಿದ್ದು ಸೈಕಲ್ಲು. ಬಲಗೈ ಮಣಿಕಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬೆನ್ನಿಗೆ ಯಾರೋ ಹಸ್ತವಿಟ್ಟು ಮುಂದಕ್ಕೆ ತಳ್ಳಿದ ಹಾಗೆ. ಇನ್ನೂ ಎಷ್ಟೋ ಬಾಕಿಯಿದೆ, ನೀನು ಕೇಳುತ್ತಿಲ್ಲ ಎನ್ನುವ ಹಾಗೆ. ಅಂಗಡಿಯ ಬೋರ್ಡುಗಳು ಹಿಂದೆ ಸರಿದವು. ಮೀಟರ್ ನೋಡಿದೆ, 62 ಇತ್ತು. ನನ್ನ ಸ್ಕೂಟರು ಇಷ್ಟು ಹೊತ್ತಿಗೆ ನಡುಗಿ ಎಲ್ಲ ದೇವರನ್ನೂ ಕರೆಯುತ್ತದೆ. ಇದು ಇನ್ನೂ ಎರಡನೇ ಗೇರಿನಲ್ಲಿ ಆಕಳಿಸುತ್ತಿತ್ತು. ನಾನು ಹೆಲ್ಮೆಟ್ಟಿನೊಳಗೆ ಏನೋ ಗುನುಗುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು.

ಯೂ ಟರ್ನ್ ಬಂತು. ಓಡುವಾಗ ಸೈಕಲ್ಲಾಗಿದ್ದದ್ದು ನಿಧಾನಿಸಿದ ಕೂಡಲೇ ಮತ್ತೆ ಮೂಟೆಯಾಯಿತು. ಅರ್ಧ ತಿರುಗಿಸಿದಾಗ ಎಂಜಿನ್ನು ನನ್ನ ಕೈಲಿ ನಿಂತುಹೋಯಿತು. ಬಲಗಾಲು ಚಾಚಿದೆ. ಆ ಕಡೆ ರಸ್ತೆ ಮೋರಿಯ ಕಡೆಗೆ ಇಳಿಜಾರು, ನೆಲವಿರಬೇಕಾದ ಜಾಗದಲ್ಲಿ ನೆಲವಿಲ್ಲ. ಗಾಡಿ ಬಲಕ್ಕೆ ವಾಲತೊಡಗಿತು, ಬಹಳ ನಿಧಾನವಾಗಿ, ತೇರು ವಾಲುವ ಹಾಗೆ. ಹಿಡಿದುಕೊಂಡೆ, ಸೊಂಟ ಕಟಕಟ ಎಂದಿತು. ಆಗ ಒಂದು ಕೈ ಬಂದು ಹಿಂದಿನ ಹಿಡಿಯನ್ನು ಹಿಡಿಯಿತು. ಎಳನೀರಿನವನು, ಇನ್ನೊಂದು ಕೈಯಲ್ಲಿ ಮಚ್ಚು. ತಳ್ಳುಗಾಡಿ ಬಿಟ್ಟು ಓಡಿಬಂದಿದ್ದ. ಇಬ್ಬರೂ ಸೇರಿ ನೆಟ್ಟಗೆ ನಿಲ್ಲಿಸಿದೆವು. ನಾನು ಏದುಸಿರು ಬಿಡುತ್ತಾ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವನು ಟ್ಯಾಂಕನ್ನು ಮಚ್ಚಿನ ಹಿಡಿಯಿಂದ ತೋರಿಸಿ ಕೇಳಿದ:

"ಎಷ್ಟು ಕೊಡುತ್ತೆ ಸಾರ್?"

"ಹದಿನೇಳೋ ಹದಿನೆಂಟೋ."

"ಅಯ್ಯೋ, ಇಷ್ಟಕ್ಕೇನಾ" ಎಂದು ಕನಿಕರದಿಂದ ಒಂದು ಎಳನೀರು ಕೊಚ್ಚಿಕೊಟ್ಟ. ದುಡ್ಡು ತೆಗೆದುಕೊಂಡ, ಕನಿಕರ ಅಷ್ಟರಮಟ್ಟಿಗೆ.

ವಾಪಸು ಬಂದಾಗ ಭಾವ ಗೇಟಿನಲ್ಲೇ ನಿಂತಿದ್ದರು. ಬೈಕನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ದರ್ಶಿನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು. ಇದೂ ಅಪರೂಪ.

ನಿಂತುಕೊಂಡು ಕಾಫಿ ಕುಡಿಯುವಾಗ, ಬಹುಶಃ ನನ್ನ ಸಿಟ್ಟು ಇಳಿದಿರುವುದನ್ನು ಗಮನಿಸಿ, ಮೈಸೂರಿನ ಮಾತು ತೆಗೆದರು. ಅವರ ತಂದೆ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದವರು. ಜಾವಾ, ಆಮೇಲೆ ಯೆಜ್ಡಿ ಎಂದು ಹೆಸರಾದ ಬೈಕುಗಳು ಅಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿದ್ದದ್ದು. ಟ್ಯಾಂಕಿನ ಪಕ್ಕಕ್ಕೆ ಹೊಳಪಿನ ಲೇಪ ಕೊಡುವ ವಿಭಾಗದಲ್ಲಿ ಅವರ ಕೆಲಸ. ಸಾವಿರಾರು ಟ್ಯಾಂಕು ಅವರ ಕೈಮೇಲೆ ಹೋಗಿರಬೇಕು. ಫ್ಯಾಕ್ಟರಿಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ.

"ಆಯುಧಪೂಜೆ ದಿನ ಮನೆಯವರನ್ನೆಲ್ಲ ಒಳಗೆ ಬಿಡ್ತಿದ್ರು. ಮಷೀನಿಗೆಲ್ಲ ಬಾಳೆಕಂದು, ಚೆಂಡುಹೂವು. ಸಾಲಾಗಿ ಹೊಸ ಗಾಡಿ ನಿಲ್ಲಿಸಿರೋರು. ಅಪ್ಪ ಎತ್ತಿ ಕೂರಿಸೋರು. ಕಿಕ್ಕರ್ ತೋರಿಸೋರು, ಅದನ್ನೇ ಮಡಚಿದ್ರೆ ಗೇರ್ ಲಿವರ್ ಆಗೋದು, ಗೊತ್ತಲ್ಲ? ಒಂದೇ ಕಡ್ಡೀಲಿ ಎರಡು ಕೆಲಸ. ನಾನು ಟ್ಯಾಂಕ್ ಮುಟ್ಟಿದ್ರೆ ಪಂಚೆ ತುದೀಲಿ ನನ್ನ ಬೆರಳ ಗುರುತು ಒರೆಸೋರು. 'ಸಾಕು, ಇಳಿ, ಇನ್ನೊಬ್ಬ ಹುಡುಗ ಕಾಯ್ತಿದಾನೆ' ಅನ್ನೋರು."

1996ರಲ್ಲಿ ಆ ಫ್ಯಾಕ್ಟರಿ ಮುಚ್ಚಿತು. ಈಗಲೂ ಜುಲೈನ ಎರಡನೇ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳವರೆಲ್ಲ ಬೆಂಗಳೂರಿನಲ್ಲಿ ಸೇರುತ್ತಾರೆ. ಭಾವ ಆ್ಯಕ್ಟಿವಾವನ್ನು ಒಂದು ಕಿಲೋಮೀಟರು ದೂರ ನಿಲ್ಲಿಸಿ, ನಡೆದುಕೊಂಡು ಹೋಗಿ ನೋಡಿ ಬರುತ್ತಾರೆ. "ಒಂದು ಹಳೇ ಯೆಜ್ಡಿನಾದ್ರೂ ತಗೋಬಾರದಾ ಭಾವ?" ಎಂದೆ. ಪ್ರಶ್ನೆ ಅರ್ಥವಾಗದವರಂತೆ ನೋಡಿದರು. "ತಗೊಂಡು?"

ನನಗೂ ಉತ್ತರ ಹೊಳೆಯಲಿಲ್ಲ. ಕೊಂಡವರು ಸರ್ವಿಸ್ ಬಿಲ್ಲಿನ ಬಗ್ಗೆ ಮಾತಾಡುತ್ತಾರೆ, ಪಾರ್ಕಿಂಗ್ ಬಗ್ಗೆ ಮಾತಾಡುತ್ತಾರೆ. ಭಾವ ಆಗುಂಬೆಯ ಹದಿನಾಲ್ಕು ತಿರುವಿನ ಬಗ್ಗೆ ಮಾತಾಡುತ್ತಾರೆ, ಯಾವ ತಿರುವಿನಲ್ಲಿ ಯಾವ ಗೇರು ಎಂದು. ಶಿರಾಡಿ ಇಳಿದು ಮಂಗಳೂರು ಮುಟ್ಟಿ, ಆಗುಂಬೆ ಹತ್ತಿ ಶಿವಮೊಗ್ಗಕ್ಕೆ ಬರುವ ಎರಡು ದಿನದ ಪ್ರವಾಸ ಆ ನೋಟ್‌ಬುಕ್ಕಿನಲ್ಲಿ ಪೆಟ್ರೋಲ್ ಬಂಕಿನ ಸಮೇತ ಸಿದ್ಧವಿದೆ. ಪಕ್ಕದ ಪೆಟ್ಟಿಗೆ ಒಂದೊಂದೂ 28 ಲೀಟರಿನದು. ಎಡಗಡೆಯದರಲ್ಲಿ ಅತ್ತಿಗೆಯ ಬಟ್ಟೆ, ಬಲಗಡೆಯದರಲ್ಲಿ ಚಕ್ಕುಲಿ ಡಬ್ಬ ಮತ್ತು ಮಂಡಿಯ ಎಣ್ಣೆ ಎಂದು ಬರೆದಿದೆ. ನಾನು ನೋಡಿದ್ದೇನೆ. ಹಿಂದಿನ ಸೀಟಿನಲ್ಲಿ ಅತ್ತಿಗೆ ಕೂರುತ್ತಾರೆಂಬ ವಿಷಯ ಅತ್ತಿಗೆಗೆ ಇನ್ನೂ ಗೊತ್ತಿಲ್ಲ.

ಅಷ್ಟರಲ್ಲಿ ಲೋಟ ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು, "ಅಂದಹಾಗೆ, ಮುಂದಿನ ವಾರ ಬೇರೆ ಷೋರೂಂನಲ್ಲಿ ಇನ್ನೊಂದಿದೆ. ನಿಮ್ಮ ನಂಬರೇ ಕೊಟ್ಟಿದ್ದೀನಿ" ಎಂದರು.

ಇದಾಗಿ ಕೆಲವು ತಿಂಗಳಾಯಿತು. ಭಾವ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾರೆ. ಫಿಸಿಯೋಥೆರಪಿಸ್ಟ್ ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದಾಗಲೆಲ್ಲ ಇವರು ಫುಟ್‌ರೆಸ್ಟಿಗೆ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಾರಂತೆ. ಫೋನುಗಳು ಕಮ್ಮಿಯಾದವು, ನನಗೆ ಒಂದು ಬಗೆಯ ನೆಮ್ಮದಿ. ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಂದು ಬಂತು. ಹೊಸ ಹುಡುಗ, ದನಿ ಇನ್ನೂ ಒಡೆದಂತಿಲ್ಲ.

"ಸಾರ್, ಬೈಕ್ ಬಗ್ಗೆ ಏನು ಡಿಸೈಡ್ ಮಾಡಿದ್ರಿ?"

ರಾಂಗ್ ನಂಬರ್ ಎನ್ನಲು ಬಾಯಿ ತೆರೆದೆ. "ಪೆಟ್ಟಿಗೆ ಯಾವ ಬಣ್ಣದಲ್ಲಿ ಬರುತ್ತೆ?" ಎಂದು ಕೇಳಿದೆ. ಹೇಳಿದ. ಸೀಟು ಸ್ವಲ್ಪ ತಗ್ಗಿಸಿಕೊಡಬಹುದೇ, ನನ್ನ ಕಾಲು 29 ಇಂಚು ಎಂದೆ. ಕೇಳಿ ಹೇಳುತ್ತೇನೆಂದ. ಶಿರಾಡಿಯಲ್ಲಿ ಮಳೆ ಬಂದರೆ ಟೈರು ಹಿಡಿಯುತ್ತದೆಯೇ ಎಂದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಮೊಸರನ್ನದ ಚಮಚ ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡುತ್ತಿದ್ದ. ಇಪ್ಪತ್ತು ನಿಮಿಷವಾಗಿತ್ತು.

"ಹಾಗಾದ್ರೆ ಬುಕ್ ಮಾಡ್ಲಾ ಸಾರ್?"

ಗೋಡೆಯ ಕ್ಯಾಲೆಂಡರು ನೋಡಿದೆ.

"ಈಗ ಧನುರ್ಮಾಸ ಕಣಪ್ಪ" ಎಂದೆ. "ಸಂಕ್ರಾಂತಿ ಕಳೀಲಿ."